ಹಸರ ಐತೇನ ತಂಗಿ?

ಕಾಕಾ ತೀರಿಕೊಂಡ ಸುದ್ದಿ ಬಂದದ್ದು ನಮ್ಮ ಆಫೀಸಿನ ಫೋನಿಗೆ. ಅವರ ಮನೆಯವರ ಹತ್ತಿರ ನನ್ನ ಮೊಬೈಲ್ ನಂಬರಿತ್ತು, ಸೆಕ್ರೆಟರಿಯವರದೂ ಇತ್ತು. ಆದರೂ ಕಾಕಾನ ಅಣ್ಣ ಗೋಡೆಯ ಮೇಲೆ ಬರೆದಿಟ್ಟಿದ್ದ ಹಳೆಯ ನಂಬರನ್ನೇ ಒತ್ತಿದ್ದರು. "ತಮ್ಮ ಹೋದನವಾ. ಆಫೀಸಿನ ಮಂದಿಗೆ ತಿಳಿಸು" ಎಂದಷ್ಟೇ ಹೇಳಿ ಇಟ್ಟರು. ರಿಸೀವರ್ ಕೈಯಲ್ಲಿ ಹಿಡಿದುಕೊಂಡೇ ನಾನು ಕಪಾಟಿನ ಮೇಲಿದ್ದ ರೌಟರ್ ಡಬ್ಬಿಯತ್ತ ನೋಡಿದೆ. ದೀಪಗಳೆಲ್ಲ ಹಸಿರಾಗಿದ್ದವು. ಅವನ್ನು ನೋಡಿ ನನಗೆ ಕೆಟ್ಟ ಸಿಟ್ಟು ಬಂತು.

ಕುಂದಗೋಳದಿಂದ ಕುಬಿಹಾಳದ ಕಡೆ ಹೋಗುವ ದಾರಿಯಲ್ಲಿ, ಎರೆಹೊಲಗಳ ನಡುವೆ ನಮ್ಮದೊಂದು ಬೀಜ-ಗೊಬ್ಬರದ ಸೊಸೈಟಿ. ಮುಂದೆ ಗೋದಾಮು, ಹಿಂದೆ ಆಫೀಸು. ಆಫೀಸು ಅಂದರೆ ಒಂದೇ ಕೋಣೆ. ಅದರಲ್ಲಿ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಫೋನು, ಇವಕ್ಕೆಲ್ಲ ಸೇರಿ ಒಂದು ಟೆಲಿಫೋನ್ ತಂತಿ. ಕಾಕಾ ಅಲ್ಲಿ ಹೆಡ್ ಕ್ಲಾರ್ಕು. ನಾನು ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗಲೇ ಅವರ ತಲೆ ನೆರೆತಿತ್ತು. ಊರಿಗೆ ಊರೇ ಅವರನ್ನು ಕಾಕಾ ಅನ್ನುತ್ತಿತ್ತು, ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಹೆಸರು ಹಾಕಿದರೆ ಆ ಮನೆಯಲ್ಲಿ ಇನ್ನೂ ಇರುವವರಿಗೆ ತ್ರಾಸು.

ಗಟ್ಟಿ ಆಳು. ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ಟವೆಲ್ಲು. ದನಿಯಂತೂ ಕೇಳಲೇಬೇಡಿ. ಅವರು ಫೋನಿನಲ್ಲಿ ಮಾತಾಡಲು ಶುರು ಮಾಡಿದರೆ "ಕಾಕಾ, ಫೋನ್ ಕೆಳಗಿಡ್ರಿ, ಹುಬ್ಬಳ್ಳಿಗೆ ಹಂಗ ಕೇಳಸ್ತೈತಿ" ಎಂದು ಸೆಕ್ರೆಟರಿ ನಗುತ್ತಿದ್ದರು. ಕಂಪ್ಯೂಟರಿನ ಹತ್ತಿರ ಮಾತ್ರ ಅವರು ಸುಳಿಯುತ್ತಿರಲಿಲ್ಲ. ಅದರ ಮುಂದೆ ಕೂತರೆ ಮಾರಿ ನೀಲಿಯಾಗುತ್ತದೆ ಎಂದು ಎಲ್ಲವನ್ನೂ ಕೈಯಲ್ಲೇ ಬರೆಯುವರು, ಆಮೇಲೆ ಅದನ್ನು ನಾನು ಟೈಪ್ ಮಾಡಬೇಕು. ಅಂಥ ಮನುಷ್ಯ ದಿನಾ ಬೆಳಿಗ್ಗೆ ಹೊಸ್ತಿಲು ದಾಟುವ ಮೊದಲೇ ಕೇಳುವ ಮಾತು ಒಂದೇ: "ಹಸರ ಐತೇನ ತಂಗಿ?"

ಹಸಿರು ಅಂದರೆ ರೌಟರಿನ ದೀಪ, ಅದು ಹಸಿರಿದ್ದರೆ ತಂತಿ ಸರಿಯಿದೆ ಎಂದರ್ಥ. ಕಂಬದಿಂದ ಬಂದ ತಂತಿ ಮೊದಲು ಗೋಡೆಗೆ ಹೊಡೆದಿದ್ದ ಒಂದು ಪುಟ್ಟ ಬಿಳಿ ಡಬ್ಬಿಗೆ ಬರುತ್ತಿತ್ತು. ಅಲ್ಲಿಂದ ಎರಡು ಕವಲು, ಒಂದು ಫೋನಿಗೆ, ಇನ್ನೊಂದು ರೌಟರಿಗೆ. ರೌಟರಿನ ಬೆನ್ನಲ್ಲಿದ್ದ ತೂತುಗಳಿಂದ ಕಂಪ್ಯೂಟರುಗಳಿಗೆ, ಪ್ರಿಂಟರಿಗೆ ವೈರು ಹೋಗಿದ್ದವು. ಒಂದೇ ತಂತಿಯಲ್ಲಿ ಮಾತೂ ಹೋಗುತ್ತದೆ, ನೆಟ್ಟೂ ಹೋಗುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ ಎಂದು ಕೂಡಿಸಿದವರು ಹೇಳಿ ಹೋಗಿದ್ದರು. ಕರೆಂಟು ಹೋಗಿ ರೌಟರ್ ಸತ್ತರೂ ಫೋನ್ ನಡೆಯುತ್ತದೆ, ಫೋನಿಗೆ ಬೇಕಾದ ಜೀವ ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತದೆ ಎಂದೂ ಹೇಳಿದ್ದರು. ಈ ಮಾತುಗಳು ಕಾಕಾನ ತಲೆಯಲ್ಲಿ ಕೂತುಬಿಟ್ಟವು. ಬೀಜಕ್ಕೆ ಬಂದ ರೈತರನ್ನೂ ಬಿಡುತ್ತಿರಲಿಲ್ಲ. ಡಬ್ಬಿಯ ಮುಂದೆ ನಿಲ್ಲಿಸಿ ತೋರಿಸುವರು. "ನೋಡ್ರಿ, ಒಂದ ಮನ್ಯಾಗ ಇಬ್ರು ಅಣ್ಣತಮ್ಮರು ಇದ್ದಂಗ. ಮಾತಿಲ್ಲ, ಕತಿಯಿಲ್ಲ, ಜಗಳಾನೂ ಇಲ್ಲ."

ಜಗಳ ಇತ್ತು, ದಿನಾ ಇತ್ತು. ತಂತಿ ಹಳೆಯದು. ಫೋನ್ ರಿಂಗಾದರೆ ಸಾಕು, ರೌಟರಿನ ದೀಪ ಮಿಣಮಿಣ ಅಂದು ನೆಟ್ಟು ಬಿದ್ದುಹೋಗುತ್ತಿತ್ತು. ಬಾಗಿಲ ತನಕ ರೈತರ ಪಾಳಿ, ನಾನು ಸಬ್ಸಿಡಿಗೆ ಒಬ್ಬೊಬ್ಬರ ಹೆಸರು ಹಾಕುತ್ತ ಕೂತಿದ್ದೇನೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು "ಗೊಬ್ಬರ ಬಂದೈತೇನ್ರಿ" ಎಂದು ಫೋನ್ ಮಾಡುತ್ತಾರೆ. ಮುಗಿಯಿತು, ಮತ್ತೆ ಮೊದಲಿನಿಂದ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಒಂದು ದಿನ ರೇಗಿ ಫೋನಿನ ವೈರನ್ನು ಕಿತ್ತು ಮೇಜಿನ ಮೇಲೆ ಒಗೆದೆ. ನೆಟ್ಟು ಅಗದಿ ಚಂದ ನಡೆಯಿತು. ಊಟ ಮುಗಿಸಿ ಬಂದ ಕಾಕಾ ಅದನ್ನು ಕಂಡು ಬಾಗಿಲಲ್ಲೇ ನಿಂತರು.

"ಯಾರ ಕಿತ್ತಾರ ಇದನ್ನ?"

"ನಾನ ರೀ ಕಾಕಾ. ಕೆಲಸ ಆಗವಲ್ದು. ಈಗ ಎಲ್ಲಾರ ಕೈಯಾಗೂ ಮೊಬೈಲ್ ಅದಾವು. ಈ ಫೋನ್ ಯಾರಿಗೆ ಬೇಕ್ರಿ?"

"ನನಗ ಬೇಕು. ಇನ್ನೊಮ್ಮೆ ಇದಕ್ಕ ಕೈ ಹಚ್ಚಿದಿ ಅಂದ್ರ ನೋಡ ಮತ್ತ. ಹೆಣ್ಣಹುಡುಗಿ ಅಂತ ನೋಡಂಗಿಲ್ಲ ನಾ."

ಅವರೇ ವೈರನ್ನು ಸಿಗಿಸಿ, ರಿಸೀವರನ್ನು ಕಿವಿಗೆ ಹಿಡಿದು, ಗುಂಯ್ ಎನ್ನುವ ಸದ್ದು ಕೇಳಿದ ಮೇಲೇ ಕುರ್ಚಿಯಲ್ಲಿ ಕೂತರು. ಒಂದು ವೈರಿಗಾಗಿ ಇಷ್ಟೊಂದು ಬೈಸಿಕೊಂಡೆನಲ್ಲ ಎಂದು ನನಗೆ ಅಳು ಬಂತು. ಸಂಜೆ ಹೋಗುವಾಗ ನನ್ನ ಮೇಜಿನ ಮೇಲೆ ಬಿಸಿ ಮಿರ್ಚಿಯ ಪೊಟ್ಟಣ ಇಟ್ಟು ಹೋದರು. ಒಂದೂ ಉಳಿಸದೆ ತಿಂದೆ.

ಮಳೆ ಬಂತೆಂದರೆ ಕಂಬದ ಮೇಲಿನ ಜಾಯಿಂಟಿಗೆ ನೀರು ಇಳಿಯುತ್ತಿತ್ತು. ಕಾಕಾ ಕೊಕ್ಕೆಕೋಲು ಹಿಡಿದು ಹೊರಗೆ ನಿಂತು ತಂತಿ ಅಲುಗಿಸುವರು. ನಾನು ಒಳಗಿಂದ ದೀಪ ನೋಡಿ ಕೂಗಬೇಕು.

"ಹಸರ?"

"ಇಲ್ರಿ."

"ಈಗ?"

"ಬಂತ್ರಿ, ಬಂತು."

"ಹಂಗ ಇರ್ಲಿ. ಯಾರೂ ಉಸರ ಹಾಕಬ್ಯಾಡ್ರಿ."

ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಒಮ್ಮೆ ನೆಲದೊಳಗಿನ ಕೇಬಲ್ಲನ್ನೇ ಹರಿದು ಹಾಕಿತು. ಕಾಕಾ ತಮ್ಮ ಗಾಡಿಯ ಮೇಲೆ ಲೈನ್‌ಮನ್‌ನನ್ನು ಕುಂದಗೋಳದಿಂದ ಕೂರಿಸಿಕೊಂಡು ಬಂದರು. ಆತ ತಗ್ಗಿನಲ್ಲಿಳಿದು ಎಳೆ ಎಳೆ ಹುಡುಕಿ ಜೋಡಿಸುವ ತನಕ ಬಿಸಿಲಲ್ಲಿ ಅವನಿಗೆ ಛತ್ರಿ ಹಿಡಿದು ನಿಂತರು. "ಖಂಡೇಪೂಜಿ ಹತ್ರ ಬಂತೋ ತಮ್ಮಾ, ಅಷ್ಟರಾಗ ಮಾಡಿಕೊಡು" ಎಂದು ಅಂಗಲಾಚಿದರು. ಅವರು ಯಾರ ಮುಂದೆಯೂ ಹಾಗೆ ಅಂಗಲಾಚಿದ್ದನ್ನು ನಾನು ನೋಡಿರಲಿಲ್ಲ. ಆಫೀಸಿನ ಮೇಲೆ ಇವರಿಗೆ ಎಷ್ಟು ನಿಷ್ಠೆ ಎಂದು ಸೆಕ್ರೆಟರಿ ವಾರ್ಷಿಕ ಸಭೆಯಲ್ಲಿ ಶಾಲು ಹೊದಿಸಿದರು. ಕಾಕಾ ಕಳ್ಳನ ಹಾಗೆ ತಲೆ ತಗ್ಗಿಸಿ ಹೊದ್ದುಕೊಂಡರು.

ಯಾಕೆ ಹೀಗೆ ಎಂಬುದು ನನಗೆ ತಿಳಿದದ್ದು ಒಂದು ಖಂಡೇಪೂಜೆಯ ದಿನ. ದಸರೆಯ ಹಿಂದಿನ ದಿನ ನಮ್ಮ ಕಡೆ ದುಡಿಯುವ ಸಾಮಾನುಗಳಿಗೆಲ್ಲ ಪೂಜೆ. ಪೂಜೆಗೆ ಇಟ್ಟದ್ದನ್ನು ಮರುದಿನ ಬನ್ನಿ ಹಂಚಿಕೊಳ್ಳುವ ತನಕ ಯಾರೂ ಮುಟ್ಟುವಂತಿಲ್ಲ, ನಡೆಸುವಂತಿಲ್ಲ. ನಮ್ಮ ಸೊಸೈಟಿಯ ತಕ್ಕಡಿ, ಚೀಲ ಹೊಲಿಯುವ ದಬ್ಬಳ, ಕಂಪ್ಯೂಟರು, ರೌಟರು ಎಲ್ಲಕ್ಕೂ ಕಾಕಾನೇ ಪೂಜಾರಿ. ಕಂಪ್ಯೂಟರುಗಳನ್ನು ಬಂದ್ ಮಾಡಿಸುವರು. ರೌಟರಿನ ಗುಂಡಿ ತಾವೇ ಒತ್ತಿ ದೀಪ ಆರಿಸಿ, ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕುವರು. ಫೋನಿಗೆ ಮಾತ್ರ ಒಂದು ಬೊಟ್ಟು ಕುಂಕುಮ ಹಚ್ಚಿ ಬಿಟ್ಟುಬಿಡುವರು. "ಫೋನ್ ಆಯುಧ ಅಲ್ಲ. ಅದು ಮನಿ ಮಂದಿ" ಎನ್ನುವರು. ಆಮೇಲೆ ಎಲ್ಲರೂ ಹಬ್ಬಕ್ಕೆ ಮನೆಗೆ ಹೋದರೆ, ಹಚ್ಚಿದ ಎಣ್ಣೆದೀಪ ಸಂಜೆಯ ತನಕ ಆರದಂತೆ ಕಾಯಲು ಒಬ್ಬರು ಉಳಿಯಬೇಕು. ಪ್ರತಿ ವರ್ಷ ಉಳಿಯುವವರು ಕಾಕಾನೇ.

ನನ್ನ ಮನೆ ಆಫೀಸಿನ ಹಿಂದಿನ ಓಣಿಯಲ್ಲಿ. ಆ ವರ್ಷ ಒಬ್ಬರೇ ಉಪವಾಸ ಕೂತಿರುತ್ತಾರೆ ಪಾಪ ಎಂದು ಹೋಳಿಗೆ ಕಟ್ಟಿಕೊಂಡು ಮಧ್ಯಾಹ್ನ ಹೋದೆ. ಕಾಕಾ ಫೋನಿನಲ್ಲಿ ಮಾತಾಡುತ್ತಿದ್ದರು. ಅದೂ ಮೆಲ್ಲಗೆ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಏನ ಉಂಡಿ ಬೇ? ಅಷ್ಟ? ಹೋಳಗಿ ಮಾಡಿಲ್ಲಾ? ಆಕಿ ಎಷ್ಟ ದೊಡ್ಡಾಕಿ ಆಗ್ಯಾಳ? ಫೋನ್ ಆಕಿ ಬಾಯಿಗೆ ಹಿಡಿ ನೋಡೂಣು."

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಆ ಕಡೆಯಿಂದ ಏನೋ ಬಹಳ ಹೊತ್ತು ಮಾತು ನಡೆಯಿತು. ಕಾಕಾನ ಮುಖ ಇಳಿಯುತ್ತ ಹೋಯಿತು. "ಹಂಗ ಅನಬ್ಯಾಡವಾ. ಹಂಗ ಅನಬ್ಯಾಡ" ಎಂದರು. ಆ ಕಡೆಯವರು ಇಟ್ಟಿರಬೇಕು, ಇವರು ರಿಸೀವರ್ ಹಿಡಿದುಕೊಂಡೇ ಕೂತಿದ್ದರು.

ನನ್ನನ್ನು ಕಂಡು ಏನನ್ನೂ ಮುಚ್ಚಿಡಲಿಲ್ಲ. ಹೋಳಿಗೆ ಮುರಿಯುತ್ತ ಹೇಳಿದರು. ಒಬ್ಬಳೇ ಮಗಳು. ಸುಗ್ಗಿಯಲ್ಲಿ ಕಾಳು ಒಕ್ಕುವ ರಾಶಿ ಮಷಿನ್ ಜೊತೆ ಬಂದಿದ್ದ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೋದಳು. ಆ ಹುಡುಗ ಯಾವ ಊರಿನವನೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮನೆಯ ಯಜಮಾನಿಕೆ ಕಾಕಾನ ಅಣ್ಣನದು.

"ಅಣ್ಣ ಲಿಂಗ ಮುಟ್ಟಿಸಿ ಆಣಿ ಮಾಡಿಸ್ಯಾನ ತಂಗಿ. ಮನ್ಯಾಗ ಆಕಿ ಹೆಸರ ತಗಿಬಾರದು. ನನ್ನ ಮೊಬೈಲಿನಾಗ ಆಕಿ ಕೂಡ ಮಾತಾಡಬಾರದು. ಆಕಿ ನಂಬರ, ಊರು ಕೇಳಬಾರದು. ಎಲ್ಲಾದಕ್ಕೂ ಹೂಂ ಅಂದೆ. ಆಫೀಸಿನ ಫೋನಿನ ಸುದ್ದಿ ಅಣ್ಣ ತಗೀಲಿಲ್ಲ, ನಾ ನೆನಪ ಮಾಡಿಕೊಡಲಿಲ್ಲ. ಬಂದ ಫೋನ್ ಎತ್ತೂದು ನನ್ನ ನೌಕರಿ, ಹೌದಿಲ್ಲೋ? ಯಾರ ಮಾಡ್ಯಾರಂತ ಇದರಾಗೇನ ಕಾಣತೈತಿ?"

ಉಳಿದ ದಿನ ಆ ಕೋಣೆಯಲ್ಲಿ ಊರ ಮಂದಿ ಕಿಕ್ಕಿರಿದಿರುತ್ತಾರೆ. ಅದಕ್ಕೇ ವರ್ಷಕ್ಕೊಂದು ಸಲ, ಖಂಡೇಪೂಜೆಯ ದಿನ. ಎತ್ತಿದವರು ಯಾರೆಂದು ತಿಳಿಯುವ ತನಕ ಆಕೆ ಮಾತಾಡುವುದಿಲ್ಲ. ಅಪ್ಪನ ದನಿ ಕೇಳಿದ ಮೇಲೆ "ಬನ್ನಿ ತಗೋ ಅಪ್ಪಾ, ಬಂಗಾರದಂಗ ಇರೂಣು" ಎನ್ನುತ್ತಾಳೆ. ದಸರೆಯ ಆ ಮಾತನ್ನು ಒಂದು ದಿನ ಮೊದಲೇ.

"ಇವತ್ತ ಏನ ಅಂದ್ಳು ಗೊತ್ತೇನ? ಬರೂ ವರ್ಷ ನೀ ರಿಟೈರ್ ಆಗ್ತಿ, ಆಮ್ಯಾಲ ನಾ ಯಾವ ಫೋನಿಗೆ ಮಾಡ್ಲಿ ಅಂದ್ಳು. ಬರೂ ಖಂಡೇಪೂಜಿಗೆ ಕೇಳ್ತೀನಿ, ಬಾ ಅಂದ್ರ ಮಗಳನ್ನ ಕರಕೊಂಡು ಮನಿಗೆ ಬರ್ತೀನಿ ಅಂದ್ಳು. ನೀ ಫೋನ್ ಎತ್ತಲಿಲ್ಲಂದ್ರ ಬ್ಯಾಡ ಅಂತ ತಿಳಕೊಂತೀನಿ, ಮತ್ತ ನಿನಗ ತ್ರಾಸ ಕೊಡಂಗಿಲ್ಲ ಅಂದ್ಳು. ಎಲ್ಲಾ ಅವರ ದೊಡ್ಡಪ್ಪನ ಹಟ ಇದ್ದಂಗ ಐತಿ ಆಕಿದು."

"ಎಲ್ಲಿ ಅದಾಳ್ರಿ ಈಗ?"

"ಸೋಲಾಪುರದ ಆ ಕಡಿ ಎಲ್ಲೋ. ಊರ ಕೇಳಿಲ್ಲ. ಕೇಳಿದ್ರ ನನ್ನ ಕಾಲ ಸುಮ್ನ ಇರಂಗಿಲ್ಲ."

ಅದಾದ ಮೇಲೆ ನಾನೂ ಬೆಳಿಗ್ಗೆ ಬಂದೊಡನೆ ಮೊದಲು ದೀಪ ನೋಡತೊಡಗಿದೆ.

ಮುಂದಿನ ಮಳೆಗಾಲದಲ್ಲಿ ಹಳೆಯ ತಂತಿ ಪೂರ್ತಿ ಸತ್ತಿತು. ಕಾಕಾ ಕೊಕ್ಕೆಕೋಲು ಹಿಡಿದು ಎಷ್ಟು ಅಲುಗಿಸಿದರೂ ಹಸಿರು ಬರಲಿಲ್ಲ. ಹಳೆಯ ತಂತಿಯ ಕಾಲ ಮುಗಿಯಿತು, ಗಾಜಿನ ಎಳೆಯ ಹೊಸ ಲೈನ್ ಕೊಡುತ್ತೇವೆ ಎಂದರು ಟೆಲಿಫೋನಿನವರು. ಕಾಕಾ ಹುಚ್ಚು ಹಿಡಿದವರ ಹಾಗೆ ಒಂದನ್ನೇ ಕೇಳಿದರು. "ನಂಬರ ಅದ ಇರತೈತೇನ್ರಿ?" ಇರುತ್ತದೆ ಎಂದು ಸೆಕ್ರೆಟರಿ, ಹೊಸ ಡಬ್ಬಿ ತಂದ ತಂತ್ರಜ್ಞ, ನಾನು, ಮೂವರೂ ಒಬ್ಬರಾದ ಮೇಲೊಬ್ಬರು ಹೇಳಿದರೂ ಅವರಿಗೆ ಸಮಾಧಾನವಿಲ್ಲ. ಕೊನೆಗೆ ನನ್ನ ಮೊಬೈಲಿನಿಂದ ಆ ನಂಬರಿಗೆ ರಿಂಗ್ ಕೊಡಿಸಿ, ಎದುರಿಗಿದ್ದ ಫೋನ್ ಬಡಿದುಕೊಂಡ ಮೇಲೆ ಕುರ್ಚಿಗೆ ಒರಗಿದರು.

ಹೊಸ ರೌಟರು ಬೆಳ್ಳಗೆ ಚಂದವಿತ್ತು. ತಂತ್ರಜ್ಞ ಅದರ ಗುಣಗಾನ ಮಾಡಿದ್ದೇ ಮಾಡಿದ್ದು. ವೈರಿಲ್ಲದೆ ಗೋದಾಮಿನ ತನಕ ನೆಟ್ಟು ಸಿಗುತ್ತದೆ, ಬಂದವರಿಗೆ ಬೇರೆಯೇ ಪಾಸ್‌ವರ್ಡ್ ಕೊಡಬಹುದು, ಹೊರಗಿನವರು ನಮ್ಮ ಕಂಪ್ಯೂಟರಿನೊಳಗೆ ನುಗ್ಗದಂತೆ ಬೇಲಿ ಇದೆ. ಇದಕ್ಕೆಲ್ಲ ಕಾಕಾ ತಲೆ ಆಡಿಸಿದರು.

"ಫೋನಿಗೂ ಭಾಳ ಅನುಕೂಲ ಅದಾವ್ರಿ ಕಾಕಾ. ಯಾರ ಮಾಡ್ಯಾರಂತ ನಂಬರ ಕಾಣತೈತಿ."

"ಬ್ಯಾಡ."

"ನೀವು ಇಲ್ಲದಾಗ ಬಂದ ಫೋನ್ ನಿಮ್ಮ ಮೊಬೈಲಿಗೆ ತಿರುಗಸ್ತೀನ್ರಿ. ಎಲ್ಲಿದ್ರೂ ಮಾತಾಡಬಹುದು."

"ಬ್ಯಾಡಂದ್ನಲ್ಲ. ನನ್ನ ಮೊಬೈಲಿಗೆ ಬರಬಾರದು."

ಪಾಪ, ಆತನಿಗೆ ಏನು ಗೊತ್ತು. ಇಂಥ ಗಿರಾಕಿಯನ್ನು ಕಂಡಿರಲಿಲ್ಲವೇನೋ, ನನ್ನ ಮುಖ ನೋಡಿದ. ಫೋನಿನ ವೈರನ್ನು ಗೋಡೆಯ ಡಬ್ಬಿಯಿಂದ ತೆಗೆದು ರೌಟರಿನ ಬೆನ್ನಿಗೇ ಸಿಗಿಸಿದ. "ಇನ್ನ ಮಾತೂ ಇದರಾಗಿಂದನ ಬರತೈತ್ರಿ" ಎಂದ. ಕಾಕಾ ಕಿವಿಗಿಟ್ಟು ನೋಡಿದರು. ಬಾಜೂ ಮನೆಯಲ್ಲಿ ಕೂತು ಮಾತಾಡಿದಷ್ಟು ಸ್ವಚ್ಛ ಕೇಳುತ್ತಿತ್ತು, ಫೋನ್ ಬಂದರೂ ನೆಟ್ಟು ಬೀಳಲಿಲ್ಲ. "ಅಣ್ಣತಮ್ಮರು ಒಂದಾದ್ರು ನೋಡ" ಎಂದು ಆವತ್ತು ಎಲ್ಲರಿಗೂ ಚಹಾ ತರಿಸಿದರು.

ಆದರೆ ಮಗಳನ್ನು ಕರೆಯಲು ಕಾಕಾ ಎಷ್ಟು ಕೇಳಿಕೊಂಡರೂ ಮನೆಯಲ್ಲಿ ಅಣ್ಣ ಜಗ್ಗಲಿಲ್ಲ. ದಿನಾ ಬೆಳಿಗ್ಗೆ ಕಾಕಾನ ಮುಖ ನೋಡಿದರೆ ಹಿಂದಿನ ಸಂಜೆ ಏನಾಯಿತೆಂದು ನನಗೆ ಗೊತ್ತಾಗುತ್ತಿತ್ತು. ಒಮ್ಮೆ ಅಣ್ಣ ಊಟದ ತಾಟು ಸರಿಸಿ ಎದ್ದು ಹೋದರಂತೆ. ಒಮ್ಮೆ ತಿಂಗಳಿಡೀ ಮಾತು ಬಿಟ್ಟರಂತೆ. ಮುಂಗಾರಿ ಬೆಳೆ ಕಟಾವಿಗೆ ಬಂತು, ನವರಾತ್ರಿ ಬಂತು, ಕಾಕಾ ಸೊರಗಿ ಅರ್ಧವಾದರು. ನವರಾತ್ರಿಯ ದೀಪ ಹಾಕಿದ ಮರುದಿನ ಪೇಢೆಯ ಪೊಟ್ಟಣ ಹಿಡಿದು ಒಳಗೆ ಬಂದರು. ರೌಟರಿನ ದೀಪದ ಸುದ್ದಿ ಕೇಳಲೇ ಇಲ್ಲ.

"ಅಣ್ಣ ಅಂದ ತಂಗಿ. ಆಣಿ ಹಾಕಿಸಿದಾವ ನಾನು, ನಾನ ಬಿಡಿಸೀನಿ, ಕರಿ ಆಕಿನ್ನ ಅಂದ. ಅಷ್ಟ ಅಂದು ಆ ಕಡಿ ಮಾರಿ ಮಾಡಿ ಅತ್ತ ಬಿಟ್ಟ."

ಕಾಕಾನೂ ಅತ್ತರು. ಪೇಢೆ ನನ್ನ ಕೈಯಲ್ಲೇ ಉಳಿಯಿತು. "ಬಾ ಅನ್ನೂದೊಂದ ಮಾತು. ಎಷ್ಟ ವರ್ಷ ಬಾಯಾಗ ಇಟಗೊಂಡ ಕುಂತಿದ್ದೆ ನೋಡ" ಎಂದರು. ಆ ವಾರವೆಲ್ಲ ಗೋದಾಮಿನಲ್ಲಿ ಚೀಲ ಎಣಿಸುವಾಗಲೂ ಅವರ ತುಟಿ ಅಲುಗುತ್ತಿತ್ತು.

ಖಂಡೇಪೂಜೆಯ ದಿನ ಬೆಳಿಗ್ಗೆ ನಾನು ಆಫೀಸಿಗೆ ಹೋಗಲಿಲ್ಲ, ನಮ್ಮ ಮನೆಯಲ್ಲೇ ಟ್ರ್ಯಾಕ್ಟರಿನ ಪೂಜೆಯಿತ್ತು. ಮಧ್ಯಾಹ್ನ ಹೋಳಿಗೆ ತೆಗೆದುಕೊಂಡು ಹೋದೆ. ಕಾಕಾ ಹೊಸ ಅಂಗಿ ಹಾಕಿಕೊಂಡು, ಫೋನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಿದ್ದರು. ಎಣ್ಣೆದೀಪ ಉರಿಯುತ್ತಿತ್ತು.

"ಇನ್ನೂ ಬಂದಿಲ್ಲ" ಎಂದರು. "ಅಡಗಿ ಮುಗಿಸಿ ಮಾಡ್ತಾಳ."

ನಾನು ಡಬ್ಬಿ ಇಡಲು ಕಪಾಟಿನತ್ತ ತಿರುಗಿದೆ. ರೌಟರಿಗೆ ಚೆಂಡುಹೂವಿನ ಮಾಲೆ, ಮೈತುಂಬ ವಿಭೂತಿ. ದೀಪ ಒಂದೂ ಇರಲಿಲ್ಲ. ಪ್ರತಿ ವರ್ಷ ಮಾಡಿದಂತೆ ಕಾಕಾ ಅದರ ಗುಂಡಿ ಒತ್ತಿ ಆರಿಸಿ ಪೂಜೆಗೆ ಇಟ್ಟಿದ್ದರು.

"ಕಾಕಾ, ಫೋನ್ ಎತ್ತಿ ನೋಡೀರೇನ್ರಿ?"

"ಯಾಕ ಎತ್ಲಿ? ನಾ ಎತ್ತಿದಾಗನ ಆಕಿ ಮಾಡಿದ್ರ ಎಂಗೇಜ್ ಬರತೈತಿ. ಮುಂಜಾನಿಂದ ಮುಟ್ಟಿಲ್ಲ."

ನಾನು ಎತ್ತಿದೆ. ಗುಂಯ್ ಸದ್ದಿಲ್ಲ, ಖರಖರ ಇಲ್ಲ, ಏನೂ ಇಲ್ಲ. ರಿಸೀವರನ್ನು ಅವರ ಕಿವಿಗೇ ಹಿಡಿದೆ. ಅವರು ಕೇಳುತ್ತ ಕೇಳುತ್ತ ನನ್ನ ಮುಖವನ್ನೇ ನೋಡಿದರು.

"ಲೈನ್ ಹರದೈತೇನ?"

"ಇಲ್ರಿ. ಡಬ್ಬಿ ಬಂದ್ ಐತ್ರಿ ಕಾಕಾ. ಈಗ ಫೋನ್ ಆ ಡಬ್ಬ್ಯಾಗಿಂದನ ಬರತೈತ್ರಿ. ಅದು ಬಂದ್ ಆದ್ರ ಇದೂ ಬಂದ್."

"ಕರೆಂಟ್ ಹೋದ್ರೂ ಫೋನ್ ಹೋಗತಿರಲಿಲ್ಲಲ್ಲ."

"ಅದು ಹಳೇ ತಂತ್ಯಾಗ್ರಿ."

ಕಾಕಾ ಎದ್ದರು. ಪೂಜೆಗೆ ಇಟ್ಟದ್ದನ್ನು ಬೇರೆಯವರು ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದ ಮನುಷ್ಯ, ಮಾಲೆ ಕಿತ್ತು ಒಗೆದು ಗುಂಡಿ ಒತ್ತಿದರು. ಹೊಸ ಡಬ್ಬಿ ಎಚ್ಚರಾಗಲು ಹೊತ್ತು ಹಿಡಿಯುತ್ತದೆ. ಮೊದಲು ಒಂದು ದೀಪ ಬಂತು, ಎರಡನೆಯದು ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು. ಕಾಕಾ ಅದರ ಮುಂದೆ ಕೈ ಜೋಡಿಸಿ ನಿಂತಿದ್ದರು. ಫೋನಿನ ದೀಪ ಕೊನೆಗೆ ಬಂತು. ಟವೆಲ್ಲಿನಿಂದ ಅದರ ಮೇಲಿನ ವಿಭೂತಿ ಒರೆಸಿ, ಹಸಿರನ್ನು ಖಾತ್ರಿ ಮಾಡಿಕೊಂಡು ಬಂದು ಕೂತರು. ನಾನೂ ಕೂತೆ. ಹೋಳಿಗೆ ತಣ್ಣಗಾಯಿತು. ಎಣ್ಣೆದೀಪ ಯಾವಾಗ ಆರಿತೋ ಇಬ್ಬರೂ ನೋಡಲಿಲ್ಲ. ಹೊರಗೆ ಮಕ್ಕಳು ಸೈಕಲ್ಲಿಗೆ ಹೂವು ಕಟ್ಟಿಕೊಂಡು ಗಂಟೆ ಬಾರಿಸುತ್ತ ಹೋದರು. ಫೋನ್ ರಿಂಗಾಗಲೇ ಇಲ್ಲ.

ಹೊತ್ತು ಮುಳುಗುವಾಗ ಕಾಕಾ ಕೇಳಿದರು. "ಮುಂಜಾನಿ ಆಕಿ ಮಾಡಿದ್ರ, ಆಕಿಗೆ ಏನ ಕೇಳಿಸಿರತೈತಿ ತಂಗಿ?"

ಸುಳ್ಳು ಹೇಳಬೇಕೆನಿಸಿತು, ಹೊಳೆಯಲಿಲ್ಲ. "ಈ ನಂಬರ ಸಿಗೂದಿಲ್ಲ ಅಂತ ಒಬ್ಬಾಕಿ ಹೇಳ್ತಾಳ್ರಿ. ಮಷಿನ್ ದನಿ."

"ನಾ ಹೇಳಿಲ್ಲಲ್ಲ ಅದನ್ನ. ನಾ ಹೇಳಿಲ್ಲ" ಎಂದರು. ಅದನ್ನೇ ಎಷ್ಟೋ ಸಲ ಹೇಳಿದರು.

ಆ ಮೇಲಿನ ಕಾಕಾನನ್ನು ನೆನೆಸಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೆ ನೆನಪಾಗುವುದು ಅವರೇ. ಆವತ್ತು ಯಾರು ಫೋನ್ ಮಾಡಿದ್ದರು ಹೇಳಿ ಎಂದು ಹುಬ್ಬಳ್ಳಿಯ ಟೆಲಿಫೋನ್ ಆಫೀಸಿಗೆ ಹೋದರು. ಅಂಥ ವಿವರ ಹಾಗೆಲ್ಲ ಕೊಡಲು ಬರುವುದಿಲ್ಲ ಎಂದು ಅವರು ಕೂರಿಸಿ, ನೀರು ಕೊಟ್ಟು ಕಳಿಸಿದರು. ನಾನು ಮೊಬೈಲಿನಲ್ಲಿ ಆ ಹುಡುಗಿಯ ಹೆಸರು ಹಾಕಿ ಹುಡುಕಿದೆ. ಆ ಹೆಸರಿನವರು ಲೆಕ್ಕವಿಲ್ಲದಷ್ಟು ಮಂದಿ ಬಂದರು, ಒಬ್ಬೊಬ್ಬರ ಫೋಟೋ ತೋರಿಸಿದರೆ ಕಾಕಾ ಕನ್ನಡಕ ಏರಿಸಿ ನೋಡಿ "ಅಲ್ಲ" ಎನ್ನುವರು. ರಾಶಿ ಮಷಿನ್ನಿನ ಮಾಲಕ ಅದನ್ನು ಮಾರಿ ಎಲ್ಲಿಗೋ ಹೋಗಿದ್ದ. ಕಾಕಾ ಸೋಲಾಪುರಕ್ಕೆ ಹೋಗಿ ಬಸ್ ನಿಲ್ದಾಣದಲ್ಲಿ, ಬರುವ ಹೋಗುವ ಹೆಣ್ಣುಮಕ್ಕಳ ಮುಖ ನೋಡುತ್ತ ದಿನವಿಡೀ ನಿಂತು ಬಂದರು. ಎರಡನೆಯ ಸಲ ಅಣ್ಣನೂ ಜೊತೆಗೆ ಹೋದರು. ಇಬ್ಬರು ಮುದುಕರು ಅಲ್ಲಿ ಏನು ಮಾಡಿದರು, ಯಾರನ್ನು ಕೇಳಿದರು, ದೇವರಿಗೇ ಗೊತ್ತು.

ರಿಟೈರಾದ ದಿನ ಹಾರ ಹಾಕಿಸಿಕೊಂಡು ಕೂತಿದ್ದವರು ನನ್ನನ್ನು ಹತ್ತಿರ ಕರೆದರು. "ಇನ್ನ ಫೋನ್ ನೀ ಎತ್ತಬೇಕು. ಮಾತಾಡದ ಸುಮ್ನಿದ್ರ ಯಾರು ಏನು ಅಂತ ಬೈಬ್ಯಾಡ. ಬಾ ಅನ್ನು. ಆಕಿ ಆದ್ರ ಬರ್ತಾಳ, ಬ್ಯಾರೆದವ್ರಾದ್ರ ನಕ್ಕು ಇಡ್ತಾರ. ನಿಂದೇನ ಹೋಗತೈತಿ?" ಎಂದರು. ಆಮೇಲೂ ದಿನಾ ಬರುತ್ತಿದ್ದರು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು "ಹಸರ ಐತೇನ ತಂಗಿ?" ಎನ್ನುವರು. ಐತ್ರಿ ಎಂದರೆ ಹೂಂ ಅನ್ನುವರು. ದನಿ ಬೆಂಚಿನಿಂದ ನನ್ನ ಮೇಜಿನ ತನಕವೂ ಬಾರದಾಯಿತು. ಒಂದು ವಾರ ಬರಲಿಲ್ಲ, ಜ್ವರ ಎಂದರು. ಆಮೇಲೆ ಅಣ್ಣನ ಫೋನ್ ಬಂತು.

ಮಣ್ಣಿಗೆ ಹೋಗಿದ್ದಾಗ ಅವರ ಹೆಂಡತಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಮಗಳ ಹೆಸರು ತೆಗೆಯುವಂತಿಲ್ಲದ ಆ ಮನೆಯಲ್ಲಿ ಗಂಡ ಹೆಂಡತಿ ಒಂದು ಉಪಾಯ ಮಾಡಿಕೊಂಡಿದ್ದರಂತೆ. ಖಂಡೇಪೂಜೆಯ ದಿನ ರಾತ್ರಿ ಊಟಕ್ಕೆ ಕೂತಾಗ ಕಾಕಾ ಇನ್ನೊಂದು ಹೋಳಿಗೆ ಕೇಳಿದರೆ, ಮಗಳು ಫೋನ್ ಮಾಡಿದ್ದಾಳೆ, ಚೆನ್ನಾಗಿದ್ದಾಳೆ ಎಂದರ್ಥ. "ಆ ದಿನ ನಾ ಹೋಳಗಿ ಬುಟ್ಟಿ ಹಿಡಕೊಂಡು ಮುಂದ ನಿಂತಿದ್ನವಾ. ತಲಿ ಎತ್ತಿ ನೋಡಲಿಲ್ಲ. ತಾಟಿನಾಗಿಂದನ್ನೂ ತಿನ್ನಲಿಲ್ಲ" ಎಂದರು. ಅಣ್ಣ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

ಈಗ ನಾನು ಫೋನೆತ್ತಿದಾಗ ಆ ಕಡೆಯವರು ಒಂದು ಕ್ಷಣ ತಡಮಾಡಿದರೆ ಸಾಕು, ಬಾ ಎನ್ನುತ್ತೇನೆ. ಸಾಲ ಬೇಕೇ ಎಂದು ಕೇಳುವ ಮಷಿನ್ ದನಿಗೂ ಅಂದಿದ್ದೇನೆ. ತಪ್ಪು ನಂಬರಿನವರಿಗೂ ಅಂದಿದ್ದೇನೆ. ಗೊಬ್ಬರ ಕಂಪನಿಯವನೊಬ್ಬ ಗಾಬರಿಯಾಗಿ ಇಟ್ಟುಬಿಟ್ಟ. ಈ ಫೋನ್ ಯಾರಿಗೂ ಬೇಡ, ತೆಗೆಸೋಣ ಎಂದು ಸೆಕ್ರೆಟರಿ ಎರಡು ಸಲ ಹೇಳಿದರು. "ನನಗ ಬೇಕ್ರಿ ಸರ" ಎಂದೆ.

ಈ ವರ್ಷದ ಖಂಡೇಪೂಜೆಗೆ ಪೂಜಾರಿ ನಾನೇ ಆದೆ. ಕಂಪ್ಯೂಟರುಗಳನ್ನು ಬಂದ್ ಮಾಡಿದೆ, ತಕ್ಕಡಿಗೆ ವಿಭೂತಿ ಹಚ್ಚಿದೆ. ರೌಟರಿಗೆ ಹೂವು ಏರಿಸಿದೆ, ಗುಂಡಿ ಮುಟ್ಟಲಿಲ್ಲ.

"ಪೂಜಿಗೆ ಇಟ್ಟದ್ದು ನಡೀಬಾರದಲ್ಲವಾ" ಎಂದರು ಸೆಕ್ರೆಟರಿ.

"ಇದು ನಡೀತೈತ್ರಿ" ಎಂದೆ. ಅವರು ನನ್ನ ಮುಖ ನೋಡಿ, ಕಾಯಿ ಒಡೆಯಲು ಕೂತರು.

ಎಲ್ಲರೂ ಹೋದರು. ನಾನು ಎಣ್ಣೆದೀಪ ಕಾಯುತ್ತ ಫೋನಿನ ಪಕ್ಕದಲ್ಲಿ ಕೂತೆ. ನನ್ನ ಗಂಡ ಊಟಕ್ಕೆ ಕರೆಯಲು ಬಂದ, ಹೋಗು ಎಂದೆ. ಬಿಸಿಲು ಬಾಗಿಲಿನಿಂದ ಗೋಡೆಗೆ ಏರಿತು. ಆಗ ಫೋನ್ ರಿಂಗಾಯಿತು.

ಎತ್ತಿದೆ. ಆ ಕಡೆ ಮಾತಿಲ್ಲ. ಗಾಳಿಯ ಸದ್ದು, ಅದರ ಹಿಂದೆ ಎಲ್ಲೋ ಒಂದು ಮಗು ಅಳುವ ಸದ್ದು. ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ.

"ಬಾರವಾ" ಎಂದೆ. "ನಿಮ್ಮಪ್ಪ ಬಾ ಅಂದಾರ. ನಿಮ್ಮ ದೊಡ್ಡಪ್ಪಾರೂ ಬಾ ಅಂದಾರ. ಆ ದಿನ ಅವ್ರು ಬೇಕಂತ ಬಿಟ್ಟದ್ದಲ್ಲವಾ, ಡಬ್ಬಿ ಬಂದ್ ಇತ್ತು. ಮಗಳನ್ನ ಕರಕೊಂಡು ಬಾ."

ಉಸಿರಾಡುವುದು ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡು ಕಾದೆ.

"ಸೊಸೈಟಿ ಅಲ್ಲೇನವಾ ಇದು?" ಎಂದಿತು ಒಬ್ಬ ಮುದುಕನ ದನಿ. "ಕಡ್ಲಿ ಬೀಜ ಬಂದಾವೇನಂತ ಕೇಳಬೇಕಾಗಿತ್ತು."

"ಬಂದಾವ್ರಿ ಅಜ್ಜಾ" ಎಂದೆ. "ನಾಡದು ಬರ್ರಿ."

ಫೋನ್ ಇಟ್ಟು, ಸರಿಯಾಗಿ ಕೂತಿದೆಯೇ ಎಂದು ಮತ್ತೊಮ್ಮೆ ಒತ್ತಿ ನೋಡಿದೆ. ಎಣ್ಣೆದೀಪಕ್ಕೆ ಎಣ್ಣೆ ಹಾಕಿ ಬಂದು ಅಲ್ಲೇ ಕೂತೆ. ಸಂಜೆಯಾಗಲು ಇನ್ನೂ ಹೊತ್ತಿತ್ತು.